ಎಳೆಯುವ ಗಾಲಿ, ದೂಡುವ ಗಾಲಿ

ಕಳೆದ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ದರ್ಶನ ಮುಗಿಸಿಕೊಂಡು ಸಂಖಕ್ಕೆ ಮರಳಿದ ಸಂಜೆ, ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಪುಣೆಯ ಹತ್ತಿರ ಚಾಕಣದ ಕಾರಖಾನೆಯೊಂದರಲ್ಲಿ ಅವನಿಗೆ ಕೆಲಸ. ಚಹ ಕುಡಿದು ಬಟ್ಟಲು ಕೆಳಗಿಡುವುದರೊಳಗೆ ವಿಷಯಕ್ಕೆ ಬಂದನು.

"ಸರ್, ಕಾರ್ ತಗೋಬೇಕಂತ ಮಾಡೇನ್ರಿ. ಸಣ್ಣದಿರಬೇಕು, ಆದ್ರ ಓಡಿದ್ರ ಗಾಳಿ ಹಾಂಗ ಓಡಬೇಕು. ಯಾವುದು ಛಲೋ, ನೀವ ಹೇಳ್ರಿ."

ಅವನ ಬೆನ್ನಿಗೇ ಬಂದಿದ್ದ ತಂದೆ ಕಟ್ಟೆಯ ಮೇಲೆ ಕುಳಿತು ಇಷ್ಟೇ ನುಡಿದರು: "ಮಾಸ್ತರ್ರ, ಇವನ ತಾಯಿನ್ನ ಹದಿನೈದು ದಿವಸಕ್ಕೊಮ್ಮೆ ಮಿರಜಿ ದವಾಖಾನಿಗಿ ಒಯ್ಯಬೇಕಾಗೇತಿ. ಅದನ್ನ ಮೊದಲ ಹೇಳ್ರಿ ಅವಗ."

ಮಗನ ಸಂಬಳದ ಉಳಿತಾಯಕ್ಕೆ ತಂದೆಯ ದಾಳಿಂಬೆಯ ದುಡ್ಡು ಸೇರಿ ಕೂಡಿದ ಹಣವದು. ಬರದ ಸೀಮೆಯಲ್ಲಿ ಅಂತಹ ಹಣ ಎರಡು ಸಲ ಕೂಡುವುದಿಲ್ಲ. ಆದುದರಿಂದ ನಾನು ಕೂಡಲೆ ಉತ್ತರ ಹೇಳಲಿಲ್ಲ. ಮೋಟಾರಿನ ವಿಷಯವನ್ನು ಓದುವುದು ನನಗೊಂದು ಗೀಳು. ಏಳನೆಯ ಇಯತ್ತೆಯಲ್ಲಿ ಇವನಿಗೆ ಎಂಜಿನ್ನಿನ ನಾಲ್ಕು ಹೊಡೆತಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದವನು ನಾನೇ. ಆ ರಾತ್ರಿ ಮಾತು ಬಹಳ ಹೊತ್ತು ನಡೆಯಿತು. ಅದರ ಸಾರವನ್ನು ವಾಚಕರ ಮುಂದಿಡುತ್ತೇನೆ. ಇಂತಹ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಏಳುತ್ತಿರಬೇಕು.

ಮೊದಲಿಗೆ ಗಾಲಿಯ ಮಾತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇವೆಲ್ಲ ಹಿಂದಿನ ಗಾಲಿಗಳಿಂದ ದೂಡಲ್ಪಡುವ ಕಾರುಗಳಾಗಿದ್ದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರು, ಮುಂದಿನ ಗಾಲಿಗಳು ಎಳೆಯುವ ಪದ್ಧತಿಯನ್ನು ನಮ್ಮ ಸಾಮಾನ್ಯ ಸಂಸಾರಗಳಿಗೆ ಪರಿಚಯಿಸಿತು. ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ ಮುಂದಿನ ಗಾಲಿಗೇ ಶಕ್ತಿ ಕೊಡುವ ಈ ಜಾಣತನವನ್ನು ಇಂಗ್ಲಂಡಿನ ಮಿನಿ ಕಾರು 1959ರಲ್ಲಿಯೇ ಜಗತ್ತಿಗೆ ತೋರಿಸಿಕೊಟ್ಟಿದ್ದಿತು. ಹಿಂದಕ್ಕೆ ಹೋಗುವ ಉದ್ದನೆಯ ದಂಡ ತಪ್ಪುವುದರಿಂದ ಒಳಗೆ ಜಾಗ ಉಳಿಯುತ್ತದೆ, ತೂಕವೂ ಇಳಿಯುತ್ತದೆ. ನಮ್ಮ ಬಂಡಿಯೂ ಹೀಗೆಯೇ ಅಲ್ಲವೆ? ಎತ್ತು ಮುಂದಿದ್ದು ಎಳೆಯುತ್ತದೆ, ಹಿಂದೆ ನಿಂತು ದೂಡುವುದಿಲ್ಲ.

ಆದರೆ ಬಂಡಿ ಹೂಡಿದವನಿಗೆ ಇದರ ಕುಂದೂ ಗೊತ್ತಿರುತ್ತದೆ. ಹಿಂಭಾರ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ, ಎತ್ತಿನ ಎಳೆತ ಸಡಿಲಾಗುತ್ತದೆ. ಕಾರು ಒಮ್ಮೆಲೆ ಮುನ್ನುಗ್ಗಿದಾಗಲೂ ಅದರ ಭಾರ ಹಿಂದಕ್ಕೆ ವಾಲಿ, ಎಳೆಯಬೇಕಾದ ಮುಂದಿನ ಗಾಲಿಗಳು ಹಗುರಾಗಿ ನೆಲದ ಹಿಡಿತ ಕಳೆದುಕೊಳ್ಳುತ್ತವೆ. ಇನ್ನೊಂದು ತೊಡಕು. ಅಡ್ಡ ಮಲಗಿದ ಎಂಜಿನ್ನಿನ ಒಂದು ಮಗ್ಗುಲಿಗೆ ಗೇರುಪೆಟ್ಟಿಗೆ ಇರುವುದರಿಂದ ಎಡಬಲದ ಗಾಲಿಗಳಿಗೆ ಹೋಗುವ ದಂಡಗಳು ಸಾಮಾನ್ಯವಾಗಿ ಸಮ ಉದ್ದದವಾಗಿರುವುದಿಲ್ಲ. ಶಕ್ತಿ ಹೆಚ್ಚಾದಂತೆ ಸ್ಟಿಯರಿಂಗು ಒಂದು ಕಡೆಗೆ ಜಗ್ಗುತ್ತದೆ. ಜೋಡಿ ಖಿಲಾರಿಗಳಲ್ಲಿ ಒಂದು ಹುಂಬಾಗಿದ್ದರೆ ಬಂಡಿ ಹಾದಿ ಬಿಟ್ಟು ವಾಲುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಟರ್ಬೊ. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೋಗುವ ಬಿಸಿಗಾಳಿಯೇ ಒಂದು ಸಣ್ಣ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತಿಸುತ್ತದೆ. ಆ ಚಕ್ರವು ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಕಮ್ಮಾರನ ತಿದಿಯನ್ನು ಕುಲುಮೆಯ ಹೊಗೆಯೇ ಒತ್ತಿದಂತೆ! ತಿದಿಗೆ ಉಸಿರು ತುಂಬಲು ಕ್ಷಣಕಾಲ ಬೇಕು. ಹಾಗೆಯೇ ಕಾಲೊತ್ತಿದ ತುಸು ಹೊತ್ತಿನ ಮೇಲೆಯೇ ಟರ್ಬೊದ ಬಲ ಬರುತ್ತದೆ.

ಶಿಷ್ಯನ ಮನಸ್ಸು ಅಬಾರ್ಥ್ ಪುಂಟೊ ಮೇಲೆ ನೆಟ್ಟಿದ್ದಿತು. 2015ರಲ್ಲಿ ಪುಣೆ ಜಿಲ್ಲೆಯ ರಾಂಜಣಗಾವದಿಂದ ಹೊರಬಂದ ಕಾರಿದು. 1368 ಸಿಸಿಯ ಟರ್ಬೊ ಎಂಜಿನ್, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ತಿರುಚುಬಲ, ನಾಲ್ಕೂ ಗಾಲಿಗಳಿಗೆ ಡಿಸ್ಕ್ ಬ್ರೇಕು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 8.8 ಸೆಕೆಂಡು ಎಂದು ತಯಾರಕರ ಹೇಳಿಕೆ. ಹತ್ತು ಲಕ್ಷದೊಳಗೆ ಅಷ್ಟು ಬಲ ಕೊಟ್ಟ ಕಾರು ಆ ಕಾಲದಲ್ಲಿ ಬೇರೆ ಇರಲಿಲ್ಲ. ನನ್ನ ಮನಸ್ಸೂ ಅದರ ಮೇಲೆಯೇ ಎಂಬುದನ್ನು ಮುಚ್ಚಿಡಲಾರೆನು. ಆದರೆ 2019ರಲ್ಲಿ ಫಿಯಾಟ್ ಕಂಪನಿಯು ನಮ್ಮ ದೇಶದಲ್ಲಿ ಆ ಹೆಸರಿನ ಕಾರುಗಳ ಮಾರಾಟವನ್ನೇ ನಿಲ್ಲಿಸಿತು. ಮಿರಜಿಯ ದಾರಿಯಲ್ಲಿ ಅದು ಕೈಕೊಟ್ಟರೆ ಬಿಡಿಭಾಗಕ್ಕಾಗಿ ಯಾವ ಊರಿಗೆ ಹೋಗಬೇಕು?

ಚಾಕಣದಲ್ಲಿಯೇ ತಯಾರಾದ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂದಿತು: 1197 ಸಿಸಿ, 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್, ಏಳು ಗೇರುಗಳನ್ನು ತಾನೇ ಬದಲಿಸಿಕೊಳ್ಳುವ ಜೋಡಿ ಕ್ಲಚ್ಚಿನ ಪೆಟ್ಟಿಗೆ. ಬಲದಲ್ಲಿ ಅಬಾರ್ಥಿಗಿಂತ ಕಡಿಮೆ, ನಯದಲ್ಲಿ ಮೇಲು. ಆ ಜೋಡಿ ಕ್ಲಚ್ಚು ಕೆಟ್ಟರೆ ಮಾತ್ರ ದುರಸ್ತಿಯ ಖರ್ಚು ಸಣ್ಣದಲ್ಲ, ಹಳ್ಳಿಯ ಮೇಸ್ತ್ರಿಯ ಕೈಗೆ ಬಗ್ಗುವ ಯಂತ್ರವೂ ಅದಲ್ಲ. ಪೋಲೊ ತಯಾರಿಕೆ ಇಲ್ಲಿ 2022ರಲ್ಲಿ ನಿಂತಿತು. 2017ರ ಬಲೆನೊ ಆರ್‌ಎಸ್ 102 ಅಶ್ವಶಕ್ತಿಯದಾದರೂ ತೂಕ 950 ಕಿಲೋ ಮಾತ್ರ. ಹಗುರು ಮೈಯ ಹೋರಿಯಂತೆ ಚುರುಕು. ಅದೂ 2020ರಲ್ಲಿ ಮರೆಯಾಯಿತು.

ಉಳಿದವು ಎರಡು. 2021ರ ಐ20 ಎನ್ ಲೈನ್: ಒಂದು ಲೀಟರಿನ ಮೂರು ಸಿಲಿಂಡರು, 120 ಅಶ್ವಶಕ್ತಿ, 172 ನ್ಯೂಟನ್ ಮೀಟರ್. 2024ರ ಆಲ್ಟ್ರೋಜ್ ರೇಸರ್: 1.2 ಲೀಟರು, ಅದೇ 120 ಅಶ್ವಶಕ್ತಿ, 170 ನ್ಯೂಟನ್ ಮೀಟರ್, ಆರು ಗೇರು, ಆರು ಗಾಳಿಚೀಲ. ಆಲ್ಟ್ರೋಜ್ ಕಾರು 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಢಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಗಳಿಸಿದ್ದಿತು.

ಶಿಷ್ಯ ಸುಮ್ಮನಾಗಲಿಲ್ಲ. "ಮುಂದಿನ ಗಾಲಿ ಕಾರ್ ಎಷ್ಟಂದ್ರೂ ಹಿಂದಿನ ಗಾಲಿದಕ್ಕ ಸರಿ ಬರೂದಿಲ್ಲ ಅಂತಾರಲ್ರಿ?" ಎಂದನು. ಒಂದು ಕಾಲಕ್ಕೆ ಆ ಮಾತು ನಿಜವಿದ್ದೀತು. 2023ರಲ್ಲಿ ಹೋಂಡಾ ಸಿವಿಕ್ ಟೈಪ್ ಆರ್, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥವನ್ನು 7 ನಿಮಿಷ 44.881 ಸೆಕೆಂಡಿನಲ್ಲಿ ಸುತ್ತಿ ಮುಂಗಾಲಿಯ ಕಾರುಗಳಲ್ಲಿ ದಾಖಲೆ ಮಾಡಿತು. ಎಷ್ಟೋ ಹೆಸರಾಂತ ಹಿಂಗಾಲಿಯ ಕಾರುಗಳಿಗೆ ಆ ವೇಳೆ ನಿಲುಕುವುದಿಲ್ಲ. ಹಿಂಗಾಲಿಯೇ ತನ್ನ ಕುಲಧರ್ಮವೆಂಬಂತೆ ನಡೆದ ಬಿಎಂಡಬ್ಲ್ಯು ಕಂಪನಿಯೇ 2019ರಲ್ಲಿ ತನ್ನ ಚಿಕ್ಕ ಕಾರಿಗೆ ಮುಂಗಾಲಿಯ ಪದ್ಧತಿಯನ್ನು ಒಪ್ಪಿಕೊಂಡಿತು. ನಾಲ್ಕೂ ಗಾಲಿ ಎಳೆಯುವ ಟೊಯೊಟ ಜಿಆರ್ ಯಾರಿಸ್‌ನಂತಹವು ಮಳೆಯಲ್ಲಿ, ಮಣ್ಣಿನಲ್ಲಿ ಮೇಲುಗೈಯೆಂಬುದು ಬೇರೆ ಮಾತು. 2025ರಲ್ಲಿ ನಮ್ಮ ದೇಶಕ್ಕೆ ಬಂದ ಗಾಲ್ಫ್ ಜಿಟಿಐ 265 ಅಶ್ವಶಕ್ತಿಯದು, ನೂರರ ವೇಗಕ್ಕೆ 5.9 ಸೆಕೆಂಡು, ಬಂದಾಗಿನ ಬೆಲೆ ಸುಮಾರು 53 ಲಕ್ಷ. ಈ ಬೆಲೆ ಕೇಳಿ ತಂದೆ ಕಟ್ಟೆಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡರು, ಕೈಹಿಡಿದು ಕೂಡಿಸಬೇಕಾಯಿತು.

ನಾನು ಕಡೆಗೆ ಹೇಳಿದ್ದಿಷ್ಟು. "ಚಾಲಕನ ಆಸನದಾಗ ಕೂತು ಆರಿಸಬ್ಯಾಡ. ತಾಯಿನ್ನ ಹಿಂದ ಕೂಡಿಸಿ, ಜತ್ತದ ತನಕ ಹೋಗಿ ಬಾ. ಆಮ್ಯಾಲ ಹೇಳು."

ವೇಗದ ಕಾರಿನ ಸ್ಪ್ರಿಂಗುಗಳು ಬಿಗಿ, ಟಾಯರು ತೆಳು. ತಿರುವಿನಲ್ಲಿ ಅದು ಗುಣ, ನಮ್ಮ ತಗ್ಗುದಿನ್ನೆಯ ರಸ್ತೆಯಲ್ಲಿ ಅದೇ ಬೆನ್ನಿಗೆ ಪೆಟ್ಟು. ಯಾವ ಪತ್ರಿಕೆಯ ಅಂಕಿಸಂಖ್ಯೆಯೂ ಇದನ್ನು ಅಳೆದು ಹೇಳಲಾರದು.

ಸಂಕ್ರಮಣಕ್ಕೆ ಊರಿಗೆ ಬಂದಾಗ ಶಿಷ್ಯನು ಸಹೋದ್ಯೋಗಿಯೊಬ್ಬನ ರೇಸರ್ ಕಾರನ್ನು ಎರಡು ದಿನದ ಮಟ್ಟಿಗೆ ಬೇಡಿ ತಂದಿದ್ದನು. ತಾಯಿಯನ್ನು ಕೂಡಿಸಿಕೊಂಡು ಜತ್ತಕ್ಕೆ ಹೋಗಿಬಂದನು. ಎಳ್ಳುಬೆಲ್ಲ ಕೊಡಲು ಬಂದ ಆ ತಾಯಿಯನ್ನು ಕಾರು ಹೇಗನಿಸಿತೆಂದು ಕೇಳಿದೆನು. ಎಂಜಿನ್ನಿನ ಮಾತೇ ಅವರ ಬಾಯಿಂದ ಬರಲಿಲ್ಲ.

"ಬಾಗಿಲಾ ಪೂರಾ ಅಗಲಕ್ಕ ತೆರೀತೈತ್ರಿ ಮಾಸ್ತರ್ರ. ಹತ್ತೂ ಮುಂದ ಯಾರೂ ಕೈ ಹಿಡೀಬೇಕಾಗಲಿಲ್ಲ" ಎಂದರು. ಶಿಷ್ಯನು ಅಬಾರ್ಥಿನ ಚಿತ್ರವನ್ನು ಇನ್ನೂ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾನೆ. ಮುಂಗಡವನ್ನು ಮಾತ್ರ ರೇಸರಿಗೆ ಕೊಟ್ಟಿದ್ದಾನೆ.