ಅಳಿಸುವ ಕಥೆಯನ್ನು ಏಕೆ ಓದುತ್ತೇವೆ?

ಧಾರಾವಾಹಿಯ ಕಡೆಯ ಕಂತು ಬರುವ ವಾರ ಪತ್ರಿಕೆಗಾಗಿ ಮನೆಯಲ್ಲಿ ಸಣ್ಣ ಜಗಳವೇ ನಡೆಯುತ್ತದೆ. ಅದು ಮೊದಲು ಯಾರ ಕೈಗೆ ಸಿಕ್ಕಿತೋ ಅವರನ್ನು ಉಳಿದವರು ಕೇಳುವ ಪ್ರಶ್ನೆ ಒಂದೇ: “ಕೊನೆಗೆ ಎಲ್ಲ ಸರಿಹೋಯಿತು ತಾನೆ?” ಸರಿಹೋಗಲಿಲ್ಲವೆಂದರೆ ಲೇಖಕರ ಮೇಲೆ ಸಿಟ್ಟು. ಆ ಹುಡುಗಿಯನ್ನು ಬದುಕಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅಜ್ಜಿ ಗೊಣಗುತ್ತಾರೆ. ಆದರೆ, ಸುಖವಾಗಿ ಮುಗಿದ ಹತ್ತು ಕಥೆಗಳು ಮರೆತುಹೋದ ಮೇಲೂ ಸಿಟ್ಟು ಬರಿಸಿದ ಆ ಒಂದು ಕಥೆ ಮನೆಮಂದಿಯ ಮಾತಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಬದುಕಿನಲ್ಲಿ ದುಃಖಕ್ಕೇನು ಬರವೇ? ಇರುವುದು ಸಾಲದೆಂದು ಕಾಸು ಕೊಟ್ಟು ಅದನ್ನು ಕಥೆಯಿಂದಲೂ ಏಕೆ ತರಬೇಕು?

ಈ ಪ್ರಶ್ನೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಆಲಂಕಾರಿಕ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ಕರುಣರಸದಿಂದ ದುಃಖವೇ ಹುಟ್ಟುವುದಾದರೆ ಯಾರೂ ಅದರತ್ತ ಸುಳಿಯುತ್ತಿರಲಿಲ್ಲ, ರಾಮಾಯಣವನ್ನೂ ಯಾರೂ ಕೇಳುತ್ತಿರಲಿಲ್ಲ ಎಂಬುದು ಅವನ ವಾದದ ಸಾರ. ಗ್ರೀಸಿನಲ್ಲಿ ಅರಿಸ್ಟಾಟಲನು, ದುರಂತ ನಾಟಕವು ಮರುಕವನ್ನೂ ಭಯವನ್ನೂ ಎಬ್ಬಿಸಿ ಆ ಭಾವಗಳನ್ನೇ ಶೋಧಿಸುತ್ತದೆ ಎಂದನು. ಆದರೂ ನಮ್ಮ ಪ್ರಾಚೀನ ನಾಟಕಕಾರರಿಗೆ ಮಂಗಳಾಂತ್ಯವೇ ಪ್ರಿಯ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಸೀತೆ ಭೂಮಿಯೊಳಗೆ ಇಳಿದುಹೋಗುತ್ತಾಳೆ. ಭವಭೂತಿಯ ‘ಉತ್ತರರಾಮಚರಿತ’ದಲ್ಲಿ ಅದೇ ಸೀತೆ ರಾಮನನ್ನು ಮತ್ತೆ ಸೇರುತ್ತಾಳೆ. ಭವಭೂತಿಯ ಕೃತಿ ಶ್ರೇಷ್ಠವೇ, ಸಂದೇಹವಿಲ್ಲ. ಆದರೆ ನಮ್ಮ ಮನೆಗಳಲ್ಲಿ ಸೀತೆಯ ಹೆಸರೆತ್ತಿದರೆ ಹೆಂಗಸರ ಕಣ್ಣಿಗೆ ಕಟ್ಟುವುದು ಬಾಯ್ದೆರೆದ ಭೂಮಿಯೇ ಹೊರತು ಆ ಮಿಲನವಲ್ಲ.

ಹೆತ್ತವರೂ ತಡೆಯದ ಭಾಗೀರಥಿ

ಸುಖಾಂತ್ಯವಿಲ್ಲದ ಕಥೆ ಪಶ್ಚಿಮದಿಂದ ಬಂದದ್ದು ಎನ್ನುವವರಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ಬರೆದುದು, ಕುವೆಂಪು ಅವರು ಹ್ಯಾಮ್ಲೆಟ್ಟನ ಕಥೆಯನ್ನು ನಮ್ಮ ಜಿಲ್ಲೆಯ ಬಿದನೂರಿಗೆ ತಂದು ‘ರಕ್ತಾಕ್ಷಿ’ಯಾಗಿಸಿದುದು ನಿಜ. ಆದರೆ ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹಳ್ಳಿಯ ಹೆಂಗಸರು ಹಾಡಿಕೊಂಡು ಬಂದ ‘ಕೆರೆಗೆ ಹಾರ’ಕ್ಕಿಂತ ಕಠೋರವಾದ ದುರಂತ ಯಾವುದಿದೆ?

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬರುವುದಿಲ್ಲ. ಸೊಸೆಯೊಬ್ಬಳನ್ನು ಆಹುತಿ ಕೊಡಬೇಕೆಂದು ಶಾಸ್ತ್ರ ಹೇಳುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆವಾರ್ತೆ ನೋಡುವವರಿಲ್ಲ. ಆದ್ದರಿಂದ ಕಿರಿಯಳಾದ ಭಾಗೀರಥಿ ಆಗಬಹುದು! ಅವಳು ತವರಿಗೆ ಹೋಗುತ್ತಾಳೆ. ಹೆತ್ತವರೂ ಅವಳನ್ನು ಕಾಯುವುದಿಲ್ಲ. ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಅವಳಿಗೆ ಸಿಕ್ಕುವುದು ಗೆಳತಿಯೊಬ್ಬಳೇ. ಪೂಜೆ ಮುಗಿಸಿ ಎಲ್ಲರೂ ಹಿಂದಿರುಗುವಾಗ ಮರೆತ ಬಂಗಾರದ ಬಟ್ಟಲನ್ನು ತರಲು ಅವಳನ್ನೇ ಕಳಿಸುತ್ತಾರೆ. ಅವಳು ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿದ್ದಂತೆ ನೀರು ಪಾದಕ್ಕೆ, ಮೊಳಕಾಲಿಗೆ, ನಡುವಿಗೆ, ಎದೆಗೆ ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನೆ. ಅವನಿಗೆ ನಿಜ ಹೇಳುವವಳೂ ಆ ಗೆಳತಿಯೇ. ಅವನೂ ಅದೇ ಕೆರೆಗೆ ಹಾರಿಕೊಳ್ಳುತ್ತಾನೆ.

ಇದನ್ನು ಪಾಠ ಹೇಳುವಾಗ ಪ್ರತಿ ವರ್ಷವೂ ತರಗತಿಯ ಯಾವುದಾದರೊಂದು ಮೂಲೆಯಿಂದ ಪ್ರಶ್ನೆ ಬರುತ್ತದೆ: “ಗೌಡನೇ ಏಕೆ ಹಾರಲಿಲ್ಲ, ಸಾರ್?” ಈ ಪ್ರಶ್ನೆಯನ್ನು ಹಾಡು ಎಲ್ಲಿಯೂ ಕೇಳುವುದಿಲ್ಲ. ದೇವರು ಪ್ರತ್ಯಕ್ಷನಾಗಿ ಭಾಗೀರಥಿಯನ್ನು ಬದುಕಿಸಿದ್ದರೆ ವಿದ್ಯಾರ್ಥಿಯೂ ಕೇಳುತ್ತಿರಲಿಲ್ಲ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟು ಪುಸ್ತಕ ಮುಚ್ಚುತ್ತಿದ್ದರು. ಮಲ್ಲನಗೌಡನೂ ಪುಣ್ಯಾತ್ಮನಾಗಿ ಉಳಿಯುತ್ತಿದ್ದ. ಸುಖಾಂತ್ಯವು ಲೆಕ್ಕವನ್ನು ಚುಕ್ತಾ ಮಾಡಿಬಿಡುತ್ತದೆ. ದುಃಖಾಂತ್ಯವು ಬಾಕಿಯನ್ನು ವಾಚಕನ ಹೆಸರಿಗೆ ಬರೆಯುತ್ತದೆ. ಅಂತಹ ಕಥೆಯ ಬೆಲೆ ಇರುವುದು ಈ ಬಾಕಿಯಲ್ಲಿ ಎಂದು ನನ್ನ ನಂಬಿಕೆ.

ನಮ್ಮ ಮನೆಗಳ ಕಥೆ

ಹಾಡಿನ ಕಾಲ ಹೋಯಿತು, ಕಾದಂಬರಿಯ ಕಾಲ ಬಂದಿತು. ತ್ರಿವೇಣಿಯವರ ‘ಶರಪಂಜರ’ವನ್ನು ನೆನೆಯಿರಿ. ಹೆರಿಗೆಯ ಅನಂತರ ಬುದ್ಧಿಭ್ರಮಣೆಗೆ ಒಳಗಾದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಸಾಧಾರಣ ಕಥೆಯಾಗಿದ್ದರೆ ಅಲ್ಲಿಗೆ ಮಂಗಳ ಹಾಡಬಹುದಿತ್ತು. ತ್ರಿವೇಣಿಯವರ ಕಥೆಗೆ ಅಲ್ಲಿಯೇ ಬಿಸಿ ಏರುತ್ತದೆ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ರೋಗ ಬಿಟ್ಟರೂ ರೋಗಿಯೆಂಬ ಹೆಸರು ಬಿಡದು. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ತೆರೆಗೆ ತಂದಾಗ ಕಲ್ಪನಾ ಅವರ ಕಾವೇರಿ ಕೊನೆಗೆ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುವುದನ್ನು ಕುಟುಂಬ ಕುಟುಂಬವೇ ಹೋಗಿ ನೋಡಿ, ಅತ್ತು ಬಂದಿತು. ಅತ್ತವರಲ್ಲಿ ತಮ್ಮ ಮನೆಯ ಇಂತಹುದೇ ಒಬ್ಬ ಸೊಸೆಯ, ಒಬ್ಬ ನಾದಿನಿಯ ವಿಷಯದಲ್ಲಿ ತಾವು ಆಡಿದ ಮಾತು ನೆನಪಾದವರು ಎಷ್ಟು ಮಂದಿಯೋ! ಕಾವೇರಿ ಸುಖವಾಗಿದ್ದಳು ಎಂದು ಕಥೆ ಮುಗಿದಿದ್ದರೆ ಆ ಮಾತು ನೆನಪಾಗಬೇಕಾದ ಅಗತ್ಯವೇ ಇರುತ್ತಿರಲಿಲ್ಲ.

ನಮ್ಮ ಮಲೆನಾಡಿನ ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯೂ ಇದೇ ಜಾತಿಯದು. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರು ಅದನ್ನು ಚಿತ್ರವಾಗಿಸಿದರು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ನಿವೃತ್ತನಾದ ಕೆಳದರ್ಜೆಯ ನೌಕರನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹಣ ಕೈಗೆ ಬರುವ ಮೊದಲೇ ಕಾಯಿಲೆಯ ಹೆಂಡತಿ ತೀರಿಕೊಳ್ಳುತ್ತಾಳೆ. ಇದರಲ್ಲಿ ಕೊಲೆಗಡುಕನಿಲ್ಲ, ಖಳನಾಯಕನಿಲ್ಲ. ‘ನಾಳೆ ಬಾ’ ಎನ್ನುವ ಸಾಧಾರಣ ಮನುಷ್ಯರು ಮಾತ್ರ ಇದ್ದಾರೆ. ಗುಮಾಸ್ತೆಯ ಕುರ್ಚಿಯಲ್ಲಿ ಕುಳಿತು ಇದನ್ನು ಓದಿದವನಿಗೆ ಮರುದಿನ ಕಿಟಕಿಯ ಆಚೆ ನಿಂತ ಮುದುಕನ ಮುಖ ಬೇರೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಕಾರ್ಖಾನೆಯ ನೆರಳಿನಲ್ಲಿ

ಶಿವಮೊಗ್ಗ-ಭದ್ರಾವತಿಗಳ ನಡುವಣ ಮಾಚೇನಹಳ್ಳಿಯಲ್ಲಿ ವಾಸಿಸುವ ನನ್ನಂಥವರಿಗೆ ಇನ್ನೊಂದು ಕಾರಣವೂ ಹೊಳೆಯುತ್ತದೆ. ಇಲ್ಲಿ ಹಾಲಿನ ಡೇರಿಯಿದೆ, ಕೈಗಾರಿಕಾ ಪ್ರದೇಶವಿದೆ. ಬೆಳಗಾದರೆ ಕೆಲಸಕ್ಕೆ ಹೊರಟವರಿಂದ ರಸ್ತೆ ತುಂಬುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಭದ್ರಾವತಿ. ಅಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ವೃತ್ತಪತ್ರಿಕೆಗಳಿಗೂ ಕಾಗದ ಒದಗಿಸಿದ ಆ ಎರಡನೆಯ ಕಾರ್ಖಾನೆಯ ಯಂತ್ರಗಳು 2010ರ ದಶಕದಲ್ಲಿ ನಿಂತುಹೋದವು. ತಾತ, ತಂದೆ, ಮಗ ಒಂದೇ ಸಂಸ್ಥೆಯ ಅನ್ನ ಉಂಡ ಮನೆಗಳಿಗೆ ಇದೇನು ಸಣ್ಣ ಸಂಗತಿಯೇ? ಅಂತಹ ಮನೆಯವನಿಗೆ ‘ಎಲ್ಲ ಒಳ್ಳೆಯದಾಗುತ್ತದೆ’ ಎಂಬ ಕಥೆಯನ್ನು ಕೊಟ್ಟರೆ ಅವನು ವಿನಯದಿಂದ ಓದಿ ಪಕ್ಕಕ್ಕಿಡುತ್ತಾನೆ. ಅವನಂತೆಯೇ ನೆಲೆ ತಪ್ಪಿದವನ ಕಥೆಯನ್ನು ಕೊಟ್ಟರೆ ರಾತ್ರಿಯೆಲ್ಲ ಓದುತ್ತಾನೆ. ದುಃಖಿಗೆ ಸಮಾಧಾನಕ್ಕಿಂತ ಮೊದಲು ಬೇಕಾದದ್ದು ತನ್ನ ದುಃಖ ಸುಳ್ಳಲ್ಲವೆಂದು ಒಪ್ಪಿಕೊಳ್ಳುವ ಇನ್ನೊಂದು ದನಿ. ಸಾವಿನ ಮನೆಗೆ ಹೋದವರಲ್ಲಿ ‘ಹೋಗಲಿ ಬಿಡಿ’ ಎಂದವರಿಗಿಂತ ಸುಮ್ಮನೆ ಪಕ್ಕದಲ್ಲಿ ಕುಳಿತವರೇ ನೆನಪಿನಲ್ಲಿ ಉಳಿಯುವುದಿಲ್ಲವೇ?

ಹಾಗೆಂದು ಕತ್ತಲೆಯನ್ನೆಲ್ಲ ಕಲೆಯೆನ್ನಲಾಗದು. ಪುಟಕ್ಕೊಂದು ಹೆಣ ಬೀಳಿಸಿ, ರಕ್ತ ಹರಿಸಿ ಬೆಚ್ಚಿಬೀಳಿಸುವ ಕಥೆಗಳೂ ಇವೆ. ಅವು ಹೆದರಿಸುತ್ತವೆ, ದೀಪ ಹಾಕಿದೊಡನೆ ಹೆದರಿಕೆ ಹೋಗುತ್ತದೆ, ಕಥೆಯೂ ಹೋಗುತ್ತದೆ. ಇಲ್ಲಿ ಒಂದು ಸುಲಭವಾದ ಪರೀಕ್ಷೆಯಿದೆ. ಸತ್ತವಳ ಹೆಸರು, ಅವಳ ಆಸೆ, ಅವಳು ಆಡದೆ ಉಳಿಸಿದ ಮಾತು ಓದಿದ ಮೇಲೂ ನೆನಪಿನಲ್ಲಿ ಉಳಿದರೆ ಲೇಖಕನು ದುಃಖವನ್ನು ಗೌರವದಿಂದ ಕಂಡಿದ್ದಾನೆ. ಹೇಗೆ ಸತ್ತಳೆಂಬುದು ಮಾತ್ರ ಉಳಿದರೆ ಅದನ್ನು ಸರಕು ಮಾಡಿಕೊಂಡಿದ್ದಾನೆ.

ಮಕ್ಕಳ ಕೈಗೆ ಇಂತಹ ಕಥೆಗಳನ್ನು ಕೊಡಬಹುದೇ ಎಂದು ತಂದೆತಾಯಿಯರು ಅಳುಕುವುದುಂಟು. ನಾವು ಆಗಲೇ ಕೊಟ್ಟಿದ್ದೇವೆ! ‘ಗೋವಿನ ಹಾಡ’ನ್ನು ಕಲಿಸದ ಮನೆ ಯಾವುದು? ಪುಣ್ಯಕೋಟಿ ಉಳಿಯಿತೆಂದು ನಾವು ಹಿಗ್ಗುತ್ತೇವೆ. ಹುಲಿ ಪ್ರಾಣ ಬಿಟ್ಟುದನ್ನು ಮಗು ಮರೆಯುವುದಿಲ್ಲ. “ಹುಲಿ ಏಕಮ್ಮಾ ಸಾಯಬೇಕಿತ್ತು?” ಎಂದು ಅದು ಮಲಗುವ ಹೊತ್ತಿನಲ್ಲಿ ಕೇಳುತ್ತದೆ. ಆಗ ಪುಸ್ತಕವನ್ನು ಬಚ್ಚಿಡಬೇಕಾಗಿಲ್ಲ. ದೀಪ ಆರಿಸುವುದನ್ನು ಸ್ವಲ್ಪ ತಡ ಮಾಡಿ, ಮಗುವಿನ ಜೊತೆ ಕುಳಿತು ಮಾತನಾಡಿದರೆ ಸಾಕು.