ಭೂವಿಜ್ಞಾನ ಪದವಿ: ವೆಚ್ಚವೆಷ್ಟು, ಫಲವೇನು?

ಮಕ್ಕಳನ್ನು ಭೂವಿಜ್ಞಾನದ ಅಧ್ಯಯನಕ್ಕೆ ಕಳುಹಿಸಬಯಸುವ ಪಾಲಕರು ಬಹುಮಟ್ಟಿಗೆ ಬಿ.ಎಸ್ಸಿ. ಶುಲ್ಕವನ್ನಷ್ಟೇ ಹೋಲಿಸಿ ನೋಡುತ್ತಾರೆ. ಲೆಕ್ಕ ತಪ್ಪುವುದು ಇಲ್ಲಿಯೇ. 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಭೂವಿಜ್ಞಾನಿಯಾಗಲು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬೇಕು. ಅದಕ್ಕೆ ಸ್ನಾತಕೋತ್ತರ ಪದವಿ ಅವಶ್ಯಕ. ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗೂ ಹಾಗೆಯೇ. ಆದ್ದರಿಂದ ಎಂ.ಎಸ್ಸಿ.ವರೆಗಿನ ಶುಲ್ಕ, ವಸತಿ, ಕ್ಷೇತ್ರಾಧ್ಯಯನದ ಪ್ರಯಾಣ ಎಲ್ಲವನ್ನೂ ಕೂಡಿಸಿಯೇ ಎಣಿಸತಕ್ಕದ್ದು.

ಬಿ.ಎಸ್ಸಿ.ಯನ್ನು ಸಮೀಪದ ಸರ್ಕಾರಿ ಕಾಲೇಜಿನಲ್ಲಿ ಮುಗಿಸಿ, ಉಳಿದ ಹಣವನ್ನು ಎಂ.ಎಸ್ಸಿ.ಗೆ ಕಾದಿರಿಸುವುದು ಜಾಣತನ; ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕಾಗಿ ನಡೆಯುವ ‘ಜಾಮ್’ ಪರೀಕ್ಷೆಯನ್ನು ಅಂಥ ವಿದ್ಯಾರ್ಥಿಯೂ ಬರೆಯಬಹುದು. ಆದರೆ ಕ್ಷೇತ್ರಕಾರ್ಯವಿಲ್ಲದ ಕಾಲೇಜು ಎಷ್ಟು ಅಗ್ಗವಾದರೂ ದುಬಾರಿಯೇ. ಬಂಡೆಯ ಪದರ ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು ಸ್ಥಳದಲ್ಲೇ ಅಳೆದು ನಕ್ಷೆ ಬರೆಯುವುದೇ ಈ ವಿದ್ಯೆಯ ಜೀವಾಳ. ಪ್ರವೇಶಕ್ಕೆ ಮುನ್ನ, ವಿದ್ಯಾರ್ಥಿಗಳನ್ನು ವರ್ಷಕ್ಕೆ ಎಷ್ಟು ದಿನ ಹೊರಗೆ ಕರೆದೊಯ್ಯುತ್ತಾರೆಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನೇ ವಿಚಾರಿಸಿರಿ.