ಆನ್‌ಲೈನ್ ಮಾರಾಟ: ಬೀದರ್‌ಗೆ ಸಲೀಸು, ಪಕ್ಕದ ಕಾಸರಗೋಡಿಗೆ ಜಿಎಸ್‌ಟಿ ಬೇಕು

ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಸಾಮಾನು ಕಳಿಸುವುದೂ ಇ-ಕಾಮರ್ಸೇ. ಅಮೆಜಾನ್, ಫ್ಲಿಪ್‌ಕಾರ್ಟ್ ಅಂದ್ರೆ ಸಂತೆ ಇದ್ದ ಹಾಗೆ: ಸರಕು ನಿಮ್ಮದು, ಜಾಗ ಅವರದು, ಅದಕ್ಕೆ ಕಮಿಷನ್.

ಇಂಥ ಕಡೆ ತೆರಿಗೆ ಬೀಳುವ ಸಾಮಾನು ಮಾರಲು ಮೊದಲು ಎಷ್ಟೇ ಸಣ್ಣ ವ್ಯಾಪಾರಿಗೂ ಜಿಎಸ್‌ಟಿ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟು ಜಿಎಸ್‌ಟಿ ಮಿತಿಯೊಳಗಿದ್ದು ರಾಜ್ಯದೊಳಗೆ ಮಾತ್ರ ಮಾರುವವರಿಗೆ ಅದು ಬೇಡ. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಮಾಡಿಸಿಕೊಂಡರೆ ಸಾಕು.

ನಮ್ಮ ಕಡೆಯವರಿಗೆ ಗಡಿಯದ್ದೇ ತಲೆಬಿಸಿ. ಸುಳ್ಯದ ಹಲಸಿನಕಾಯಿ ಚಿಪ್ಸ್ ಬೀದರ್‌ವರೆಗೆ ಹೋದರೂ ತೊಂದರೆಯಿಲ್ಲ. ಜಾಲ್ಸೂರು ದಾಟಿ ಕಾಸರಗೋಡಿಗೆ ಒಂದೇ ಪ್ಯಾಕೆಟ್ ಹೋದರೂ ಅದು ಹೊರರಾಜ್ಯ, ನೋಂದಣಿ ಬೇಕೇ ಬೇಕು. ಹಾಗಾಗಿ ಡೆಲಿವರಿ ಕರ್ನಾಟಕಕ್ಕೆ ಮಾತ್ರ ಅಂತ ಇದೆಯಾ, ಮೊದಲೇ ನೋಡಿಕೊಳ್ಳಿ. ತಿಂಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನಂಬರೂ ಬೇಕು.